ಮನೆಯ ಮಾರಾಟವೂ ದಲಾಲನ ಧರ್ಮವೂ

ಬ್ಯಾಡಗಿಯ ಪೇಟೆಗೆ ಹತ್ತು ಚೀಲ ಮೆಣಸಿನಕಾಯಿಯನ್ನು ತಂದ ರೈತನಿಗೆ ಕಾಯಿದೆಯ ಕಾವಲುಂಟು. ಗುತ್ತಲದ ಓಣಿಯಲ್ಲಿ ತನ್ನ ಪಾಲಿಗಿರುವ ಒಂದೇ ಮನೆಯನ್ನು ಮಾರಹೊರಟ ವಿಧವೆಗೆ ಅಂಥ ಕಾವಲಿಲ್ಲ. ಮೆಣಸಿನಕಾಯಿಯ ದಲಾಲನು ಪರವಾನಿಗೆ ಪಡೆದವನು; ಅವನ ದಲಾಲಿಗೆ ಮಿತಿಯುಂಟು, ತೂಕಕ್ಕೆ ತಕ್ಕಡಿಯುಂಟು, ಕೊಟ್ಟ ಪಟ್ಟಿಗೆ ಲೆಕ್ಕವುಂಟು, ತಂಟೆ ಬಂದರೆ ಕೇಳುವ ಮಾರುಕಟ್ಟೆ ಸಮಿತಿಯುಂಟು. ಮನೆಯ ದಲಾಲನಿಗೆ ಇವುಗಳಲ್ಲಿ ಒಂದೂ ಇಲ್ಲ. ಒಂದು ಹಂಗಾಮಿನ ಬೆಳೆಯ ದರದಲ್ಲಿ ಮೋಸವಾದರೆ ಮುಂದಿನ ಹಂಗಾಮು ಬಂದೀತು. ಮಾರಿದ ಮನೆ ಮರಳಿ ಬಾರದು. ಹೆಚ್ಚು ಬೆಲೆಯ ವ್ಯವಹಾರಕ್ಕೆ ಕಡಿಮೆ ಎಚ್ಚರವೆಂಬ ಈ ವಿಪರೀತವನ್ನು ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ಗುತ್ತಲವು ಇಂದು ಪಟ್ಟಣ ಪಂಚಾಯತಿಯುಳ್ಳ ಊರು. ಇಲ್ಲಿಯ ಮನೆತನಗಳ ಮಕ್ಕಳು ಓದಿ, ನೌಕರಿ ಹಿಡಿದು, ಹುಬ್ಬಳ್ಳಿ ದಾವಣಗೆರೆ ಬೆಂಗಳೂರುಗಳಲ್ಲಿ ನೆಲೆಸುತ್ತಿದ್ದಾರೆ. ಹಿರಿಯರು ತೀರಿಹೋದ ಬಳಿಕ ತೊಲೆ-ಕಂಬಗಳ ಮನೆಗೆ ಬೀಗ ಬೀಳುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಮಾಳಿಗೆ ಸೋರುತ್ತದೆ. ಮೂರನೆಯ ವರ್ಷ ಮಾರುವ ಮಾತು ಹುಟ್ಟುತ್ತದೆ. ಇತ್ತ ಸುತ್ತಲಿನ ಹಳ್ಳಿಗಳಿಂದ ಮಕ್ಕಳ ಶಾಲೆಗಾಗಿ, ಅಂಗಡಿಗಾಗಿ ಊರಿಗೆ ಬಂದು ನೆಲೆಸುವವರಿಗೆ ಮನೆ ಬೇಕಾಗಿದೆ. ಮಾರುವವನು ಊರಲ್ಲಿಲ್ಲ, ಕೊಳ್ಳುವವನಿಗೆ ಅವನ ಗುರುತಿಲ್ಲ. ಇಂಥಲ್ಲಿ ನಡುವೆ ಒಬ್ಬನು ಬೇಕಾಗುವುದು ಸಹಜವೇ ಇದೆ. ಹಾವೇರಿಯಲ್ಲಿಯೂ ರಾಣೇಬೆನ್ನೂರಿನಲ್ಲಿಯೂ ಇದೇ ಸ್ಥಿತಿಯು ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ.

ದಲಾಲನೆಂಬ ಮಾತು ನಮ್ಮಲ್ಲಿ ಬೈಗುಳಕ್ಕೆ ಸಮಾನವಾಗಿ ಹೋಗಿದೆ. ಇದು ನ್ಯಾಯವಲ್ಲ. ಒಳ್ಳೆಯ ದಲಾಲನು ಮಾಡುವ ಕೆಲಸವು ಹಗುರಾದುದಲ್ಲ. ಯಾವ ಓಣಿಯಲ್ಲಿ ಎಷ್ಟಕ್ಕೆ ಮನೆ ಕೈಬದಲಾಯಿತೆಂಬುದನ್ನು ಅವನು ಬಲ್ಲನು. ನಿಜವಾಗಿ ಕೊಳ್ಳುವವನಾರು, ಬರಿದೆ ಬೆಲೆ ಕೇಳಿ ಹೋಗುವವನಾರು ಎಂಬುದನ್ನು ಬಲ್ಲನು. ಪಿತ್ರಾರ್ಜಿತ ಮನೆಯನ್ನು ಮಾರುವುದು ನಮ್ಮ ಊರುಗಳಲ್ಲಿ ಮರ್ಯಾದೆಯ ಮಾತು. ವ್ಯವಹಾರ ಕುದುರುವವರೆಗೆ ಅದನ್ನು ಕಟ್ಟೆಯ ಹರಟೆಗೆ ಬೀಳದಂತೆ ಕಾಯುವವನು ಅವನೇ. ನೆರೆಹೊರೆಯವರೊಡನೆ, ಬೀಗರೊಡನೆ ಬೆಲೆಯ ಮಾತನ್ನು ಮುಖಕ್ಕೆ ಮುಖ ಕೊಟ್ಟು ಆಡಲು ಮುಲಾಜು ಅಡ್ಡ ಬರುತ್ತದೆ; ಆ ಮಾತನ್ನು ಅವನು ಆಡುತ್ತಾನೆ. ಹೀಗಿದ್ದೂ, ದಲಾಲನಿಂದ ಮನೆ ತೋರಿಸಿಕೊಂಡು, ಬಳಿಕ ಅವನಿಗೆ ತಿಳಿಯದಂತೆ ಹಿತ್ತಲ ಬಾಗಿಲಿನಿಂದ ಹೋಗಿ ವ್ಯವಹಾರ ಮುಗಿಸಿ, ಅವನ ಕೂಲಿಯನ್ನು ಮುಳುಗಿಸುವ ಗೃಹಸ್ಥರು ನಮ್ಮಲ್ಲಿ ಕಡಿಮೆಯಿಲ್ಲ. ತಾವು ಮೊದಲು ಮೋಸ ಮಾಡಿ, ದಲಾಲರೆಲ್ಲ ಮೋಸಗಾರರೆಂದು ಊರ ಮುಂದೆ ಹೇಳುವುದು ಸಭ್ಯರಿಗೆ ಶೋಭಿಸದು.

ಆದರೆ ಇನ್ನೊಂದು ಪಕ್ಷವನ್ನೂ ಹೇಳಲೇಬೇಕು. ಸದ್ಯದ ರೂಢಿಯಲ್ಲಿ ದಲಾಲನು ಮಾರುವವನಿಂದ ಶೇಕಡಾ ಒಂದೋ ಎರಡೋ, ಕೊಳ್ಳುವವನಿಂದಲೂ ಅಷ್ಟೇ ಪಡೆಯುತ್ತಾನೆ. ಮಾರುವವನ ಹಿತವು ಬೆಲೆ ಏರುವುದರಲ್ಲಿದೆ. ಕೊಳ್ಳುವವನ ಹಿತವು ಇಳಿಯುವುದರಲ್ಲಿದೆ. ಇಬ್ಬರ ಉಪ್ಪನ್ನೂ ಉಂಡವನು ಯಾರ ಋಣವನ್ನು ತೀರಿಸಿಯಾನು? ಇಬ್ಬರಿಗೂ ತಿಳಿಸಿ ಇಬ್ಬರಿಂದಲೂ ಪಡೆದರೆ ಅದು ಮಧ್ಯಸ್ಥಿಕೆ. ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನಿಂದ ಪಡೆದರೆ ಅದು ಕಳವು.

ಇದಕ್ಕಿಂತಲೂ ಕೆಟ್ಟದ್ದು ಮೇಲ್ದರದ ಪದ್ಧತಿ. "ನಿಮ್ಮ ಕೈಗೆ ಎಷ್ಟು ಬಂದರೆ ಸಾಕು, ಅಷ್ಟನ್ನು ಹೇಳಿಬಿಡಿರಿ, ಮಿಕ್ಕದ್ದು ನನಗಿರಲಿ" ಎಂದು ದಲಾಲನು ಒಡೆಯನನ್ನು ಕೇಳುತ್ತಾನೆ. ಊರು ಬಿಟ್ಟು ಇಪ್ಪತ್ತು ವರ್ಷವಾದ ಒಡೆಯನಿಗೆ ಇಂದಿನ ದರವೇನು ಗೊತ್ತು? ಹದಿನೆಂಟು ಲಕ್ಷವೆಂದು ಅವನು ಹೇಳಿದನೆಂದಿಟ್ಟುಕೊಳ್ಳಿರಿ. ದಲಾಲನು ಅದನ್ನು ಇಪ್ಪತ್ತೊಂದು ಲಕ್ಷಕ್ಕೆ ಮಾರುತ್ತಾನೆ. ಶೇಕಡಾ ಎರಡರಂತೆ ಅವನಿಗೆ ನ್ಯಾಯವಾಗಿ ಸಲ್ಲುವುದು ನಲವತ್ತೆರಡು ಸಾವಿರ; ಅವನು ಪಡೆಯುವುದು ಮೂರು ಲಕ್ಷ, ಅಂದರೆ ಏಳು ಪಟ್ಟು. ಒಡೆಯನೂ ಕೊಳ್ಳುವವನೂ ಪರಸ್ಪರ ಕೂಡಿ ಮಾತನಾಡದಂತೆ ನೋಡಿಕೊಳ್ಳುವುದೇ ಈ ವ್ಯಾಪಾರದ ಬಂಡವಲು. ಹಿಂದಕ್ಕೆ ನಮ್ಮ ದೇಶದ ಪೇಟೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು; ಮಾಲು ತಂದ ರೈತನು ಪಕ್ಕದಲ್ಲಿದ್ದೂ ಕುರುಡನಂತಿರುತ್ತಿದ್ದನು. ೧೯೨೮ರಲ್ಲಿ ಕೃಷಿಯ ರಾಯಲ್ ಕಮಿಶನ್ನು ಈ ರೂಢಿಯನ್ನು ಖಂಡಿಸಿತು. ೧೯೩೯ರಲ್ಲಿ ಮುಂಬಯಿ ಪ್ರಾಂತಕ್ಕೆ ಪೇಟೆಗಳ ಕಾಯಿದೆ ಬಂದಿತು. ೧೯೬೬ರಲ್ಲಿ ನಮ್ಮ ರಾಜ್ಯದ್ದೇ ಕಾಯಿದೆಯಾಯಿತು. ಕಾಳು-ಕಡಿ, ಅರಳೆ, ಮೆಣಸಿನಕಾಯಿಗಳ ಮೇಲಿಂದ ಆ ವಸ್ತ್ರವು ಸರಿಯಿತು. ಮನೆಗಳ ಮೇಲಿಂದ ಅದು ಇನ್ನೂ ಸರಿದಿಲ್ಲ.

ಹಾಗಾದರೆ ಕಾನೂನು ಸುಮ್ಮನಿದೆಯೇ ಎಂದು ವಾಚಕರು ಕೇಳಬಹುದು. ಸುಮ್ಮನಿಲ್ಲ. ೧೮೭೨ರ ಕರಾರು ಕಾಯಿದೆಯು ಪ್ರತಿನಿಧಿಯ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದೆ. ಮಾರಲು ಕೊಟ್ಟ ಆಸ್ತಿಯನ್ನು ಪ್ರತಿನಿಧಿಯು ಮತ್ತೊಬ್ಬನ ಹೆಸರಿನಲ್ಲಿ ತಾನೇ ಕೊಂಡು, ಮಹತ್ತ್ವದ ಸಂಗತಿಯನ್ನು ಅಪ್ರಾಮಾಣಿಕತನದಿಂದ ಮುಚ್ಚಿಟ್ಟಿದ್ದರೆ, ಇಲ್ಲವೆ ಒಡೆಯನಿಗೆ ಹಾನಿಯಾಗಿದ್ದರೆ, ಒಡೆಯನು ಆ ಮಾರಾಟವನ್ನು ತಳ್ಳಿಹಾಕಬಹುದೆಂದು ಅದರ ೨೧೫ನೆಯ ಕಲಮು ಹೇಳುತ್ತದೆ. ಒಡೆಯನಿಗೆ ತಿಳಿಸದೆ ಪ್ರತಿನಿಧಿಯು ತನ್ನ ಲಾಭಕ್ಕಾಗಿ ವ್ಯವಹರಿಸಿ ಗಳಿಸಿದ್ದನ್ನು ಒಡೆಯನು ಕೇಳಿ ಪಡೆಯಬಹುದೆಂದು ೨೧೬ನೆಯ ಕಲಮು ಹೇಳುತ್ತದೆ. ಬೇರೆ ಕರಾರಿಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಕೂಲಿ ಸಲ್ಲದೆಂದು ೨೧೯ನೆಯದು ಹೇಳುತ್ತದೆ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಿದವನಿಗೆ ಮೊದಲು ಕೇಳುವ ಪ್ರಶ್ನೆಯೇ ಇದು: ಅವನು ನಿನ್ನ ಪ್ರತಿನಿಧಿಯಾಗಿದ್ದನೆಂಬುದಕ್ಕೆ ಪುರಾವೆಯೇನು? ಚಹದ ಅಂಗಡಿಯಲ್ಲಿ ಆಡಿದ ಮಾತಿಗೆ ಪುರಾವೆಯನ್ನೆಲ್ಲಿ ತರೋಣ?

೨೦೧೬ರಲ್ಲಿ ಸಂಸತ್ತು ರೇರಾ ಎಂದು ಹೆಸರಾದ ಕಾಯಿದೆಯನ್ನು ಮಾಡಿತು. ಅದರ ಒಂಬತ್ತನೆಯ ಕಲಮಿನಂತೆ, ನೋಂದಾಯಿತ ಯೋಜನೆಯ ನಿವೇಶನವನ್ನಾಗಲಿ ಮನೆಯನ್ನಾಗಲಿ ಮಾರಿಸುವ ದಲಾಲನು ತಾನೂ ನೋಂದಾಯಿಸಿಕೊಳ್ಳತಕ್ಕದ್ದು. ಮಾಡಿಸಿದ ಪ್ರತಿಯೊಂದು ಮಾರಾಟದಲ್ಲಿಯೂ ತನ್ನ ನೋಂದಣಿಯ ಸಂಖ್ಯೆಯನ್ನು ಹೇಳತಕ್ಕದ್ದು. ಲೆಕ್ಕದ ಪುಸ್ತಕಗಳನ್ನು ಇಡತಕ್ಕದ್ದು. ಆದುದರಿಂದ ಹಾವೇರಿ, ರಾಣೇಬೆನ್ನೂರುಗಳ ಹೊಸ ಬಡಾವಣೆಗಳಲ್ಲಿ ನಿವೇಶನ ಕೊಳ್ಳುವವರು ಯೋಜನೆಯ ಸಂಖ್ಯೆಯನ್ನೂ ದಲಾಲನ ಸಂಖ್ಯೆಯನ್ನೂ ಕೇಳದೆ ಒಂದು ಕಾಸನ್ನೂ ಕೊಡಬಾರದು. ಆದರೆ ಐದುನೂರು ಚದರ ಮೀಟರಿಗಿಂತ ಹೆಚ್ಚಿನ ನೆಲವಾಗಲಿ, ಎಂಟಕ್ಕಿಂತ ಹೆಚ್ಚಿನ ಮನೆಗಳಾಗಲಿ ಇಲ್ಲದ ಯೋಜನೆಗೆ ಆ ನೋಂದಣಿಯ ಕಟ್ಟಿಲ್ಲ. ಗುತ್ತಲದ ಹಳೆಯ ಮನೆಯೊಂದು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು ಯಾವ ಯೋಜನೆಯೂ ಅಲ್ಲ. ನಗರದ ಶ್ರೀಮಂತನಿಗೆ ಕೊಡೆ ಹಿಡಿದ ಕಾಯಿದೆಯು ಸಣ್ಣ ಊರಿನ ಮಧ್ಯಮ ಮನೆತನವನ್ನು ಮಳೆಯಲ್ಲಿಯೇ ನಿಲ್ಲಿಸಿದೆ.

ಪರದೇಶಗಳ ಅನುಭವವನ್ನೂ ಇಲ್ಲಿ ನೆನೆಯಬಹುದು. ಇಂಗ್ಲಂಡದ ೧೯೭೯ರ ಕಾಯಿದೆಯು, ತನ್ನ ಕೂಲಿಯೆಷ್ಟೆಂಬುದನ್ನು ಕರಾರಿಗೆ ಮುಂಚೆಯೇ ತಿಳಿಸಬೇಕೆಂದೂ, ಆ ಆಸ್ತಿಯಲ್ಲಿ ತನಗೆ ಸ್ವಂತ ಹಿತಸಂಬಂಧವಿದ್ದರೆ ಅದನ್ನು ಬಯಲುಮಾಡಬೇಕೆಂದೂ ಮನೆಯ ದಲಾಲನಿಗೆ ವಿಧಿಸಿದೆ. ಅಮೇರಿಕೆಯಲ್ಲಿ ದಲಾಲನಿಗೆ ಪರೀಕ್ಷೆಯುಂಟು, ಪರವಾನಿಗೆಯುಂಟು. ಅಷ್ಟಾದರೂ ಅಲ್ಲಿ ಕೂಲಿಯ ವಿಷಯದ ಮುಸುಕಿನ ವ್ಯವಹಾರವು ನ್ಯಾಯಾಲಯಕ್ಕೆ ಹೋಗಿ, ೨೦೨೩ರಲ್ಲಿ ಮಿಸೂರಿಯ ಜ್ಯೂರಿಯು ದಲಾಲರ ಸಂಘದ ವಿರುದ್ಧ ತೀರ್ಪುಕೊಟ್ಟಿತು. ಬಳಿಕಾದ ರಾಜಿಯಂತೆ, ಆ ಸಂಘದ ನಿಯಮಗಳಿಗೆ ಒಳಪಟ್ಟ ದಲಾಲನು ಕೊಳ್ಳುವವನಿಗೆ ಮನೆ ತೋರಿಸುವ ಮೊದಲೇ ಕೂಲಿಯನ್ನು ನಮೂದಿಸಿ ಲಿಖಿತ ಕರಾರು ಮಾಡಿಕೊಳ್ಳಬೇಕೆಂಬ ನಿಯಮವು ೨೦೨೪ರ ಆಗಸ್ಟ ೧೭ರಿಂದ ಜಾರಿಗೆ ಬಂದಿತು. ಪರವಾನಿಗೆಯುಳ್ಳ ದೇಶಕ್ಕೇ ಬರೆವಣಿಗೆಯು ಅವಶ್ಯವೆನಿಸಿದ ಮೇಲೆ, ಏನೊಂದೂ ಇಲ್ಲದ ನಮಗೆ ಅದು ಎಷ್ಟು ಅವಶ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬರೆದಿಡುವುದು ಗುತ್ತಲಕ್ಕೆ ಹೊಸದೂ ಅಲ್ಲ. ಹನ್ನೆರಡು-ಹದಿಮೂರನೆಯ ಶತಮಾನಗಳಲ್ಲಿ ಗುತ್ತ ಅರಸರ ರಾಜಧಾನಿಯಾಗಿದ್ದ ಊರಿದು. ಆ ಕಾಲದ ಕನ್ನಡನಾಡಿನವರು ಒಂದು ತುಂಡು ನೆಲವನ್ನು ದೇವರಿಗೆ ದಾನ ಕೊಡುವಾಗಲೂ ಅಳತೆಯನ್ನೂ ಎಲ್ಲೆಗಳನ್ನೂ ಕಲ್ಲಿನಲ್ಲಿ ಕೊರೆಸಿ, ತಪ್ಪಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ದೇವರೊಡನೆಯ ವ್ಯವಹಾರವನ್ನೇ ಬಾಯಿಮಾತಿಗೆ ಬಿಡದವರ ನೆಲದಲ್ಲಿ ನಾವು ಮನುಷ್ಯರೊಡನೆಯ ವ್ಯವಹಾರವನ್ನು ಬಾಯಿಮಾತಿಗೆ ಬಿಟ್ಟಿದ್ದೇವೆ.

ಆದುದರಿಂದ ನಮ್ಮ ಸೂಚನೆಯಿಷ್ಟೆ. ದಲಾಲನನ್ನು ನೇಮಿಸಿರಿ, ಆದರೆ ಬರೆದು ನೇಮಿಸಿರಿ. ಒಂದು ಹಾಳೆ ಸಾಕು. ಅವನು ಯಾರ ಪಕ್ಷದವನೆಂಬುದು, ಎರಡನೆಯ ಪಕ್ಷದಿಂದಲೂ ಪಡೆಯುವನಾದರೆ ಎಷ್ಟೆಂಬುದು, ತನ್ನ ಕೂಲಿ ಶೇಕಡಾ ಎಷ್ಟು, ಯಾವಾಗ ಸಲ್ಲಬೇಕೆಂಬುದು, ಬಂದ ಪ್ರತಿಯೊಂದು ಬೇಡಿಕೆಯನ್ನೂ ಒಡೆಯನಿಗೆ ತಿಳಿಸಬೇಕೆಂಬುದು, ಕೊಳ್ಳುವವನು ಕೊಟ್ಟ ಪೂರ್ತಿ ಬೆಲೆ ಒಡೆಯನದೇ ಎಂಬುದು, ಕರಾರಿನ ಅವಧಿಯೆಷ್ಟೆಂಬುದು. ಅವನು ತೋರಿಸಿದ ಗಿರಾಕಿಗೆ ಆ ಅವಧಿಯಲ್ಲಿ ಮನೆ ಮಾರಿದರೆ ಅವನ ಕೂಲಿಯನ್ನು ತಪ್ಪದೆ ಕೊಡತಕ್ಕದ್ದೆಂದು ಒಡೆಯನೂ ಬರೆದುಕೊಡಲಿ. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಪ್ರಾಮಾಣಿಕನಾದ ದಲಾಲನಿಗೆ ಈ ಹಾಳೆಯು ಅಪಮಾನವಲ್ಲ, ಆಧಾರ. ಸಹಿ ಮಾಡಲು ಹಿಂಜರಿಯುವವನ ಪರೀಕ್ಷೆಯು ಅಲ್ಲಿಯೇ ಮುಗಿಯಿತು.

ಎರಡನೆಯ ಮಾತು. ಬೆಲೆಯನ್ನು ಕುದುರಿಸುವುದು ದಲಾಲನ ಕೆಲಸ. ಹಕ್ಕನ್ನು ಪರೀಕ್ಷಿಸುವುದು ವಕೀಲನ ಕೆಲಸ. "ಕಾಗದಪತ್ರ ಎಲ್ಲ ಸರಿ ಇವೆ" ಎಂಬ ದಲಾಲನ ಮಾತನ್ನು ನಂಬಿ ಎಷ್ಟೋ ಮನೆತನಗಳು ಕೋರ್ಟು ಅಲೆದಿವೆ. ಋಣಭಾರದ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಿಂದ ತಾನೇ ತರಿಸಿ ನೋಡಲು ಇಂದು ಸಾಧ್ಯವಿದೆ. ೨೦೨೪ರಿಂದ ಖರೇದಿಯ ನೋಂದಣಿಗೆ ಇ-ಖಾತೆಯು ಅವಶ್ಯವಾಗಿದೆ. ಮುಖ್ಯವಾಗಿ ಅಕ್ಕತಂಗಿಯರ ಸಹಿಯನ್ನು ನೋಡಿರಿ. ಹಿಂದೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹಕ್ಕೆಂದು ಕರ್ನಾಟಕವು ೧೯೯೪ರಲ್ಲಿಯೇ ತಿದ್ದುಪಡಿಯನ್ನು ಜಾರಿಗೆ ತಂದಿತು. ೨೦೦೫ರಲ್ಲಿ ಅದು ದೇಶಕ್ಕೆಲ್ಲ ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಅಣ್ಣತಮ್ಮಂದಿರನ್ನು ಮಾತ್ರ ಕೂಡಿಸಿ, "ಹೆಣ್ಣುಮಕ್ಕಳು ಏನೂ ಅನ್ನುವುದಿಲ್ಲ" ಎನ್ನುವ ದಲಾಲನು ಮನೆಯನ್ನಲ್ಲ, ದಾವೆಯನ್ನು ಮಾರುತ್ತಾನೆ. ಹಾಗೆಯೇ, ಬರಿಯ ಮುಖತ್ಯಾರ ಪತ್ರದ ಮೇಲೆ ನಡೆದ ಮಾರಾಟದಿಂದ ಒಡೆತನ ಬಾರದೆಂದು ಅದೇ ನ್ಯಾಯಾಲಯವು ೨೦೧೧ರಲ್ಲಿ ಹೇಳಿದೆ. ನೋಂದಾಯಿತ ಖರೇದಿ ಪತ್ರವೊಂದೇ ಗತಿ.

ಇನ್ನು ಸಂಚಕಾರದ ಹಣ. ಈ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಮುಂಗಡವೆಂದೂ ಅರ್ಥವಿದೆ, ವಿಪತ್ತೆಂದೂ ಅರ್ಥವಿದೆ. ದಲಾಲನ ಕೈಗೆ ರೊಕ್ಕವಾಗಿ ಕೊಟ್ಟರೆ ಮೊದಲನೆಯದು ಎರಡನೆಯದಾಗಲು ತಡವಿಲ್ಲ. ಅದನ್ನು ಒಡೆಯನ ಬ್ಯಾಂಕಿನ ಖಾತೆಗೇ ಕೊಡಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ರೊಕ್ಕವಾಗಿ ಪಡೆಯುವುದನ್ನು ಆದಾಯತೆರಿಗೆಯ ಕಾನೂನು ೨೦೧೫ರಿಂದೀಚೆಗೆ ಸಾಮಾನ್ಯವಾಗಿ ನಿಷೇಧಿಸಿದೆ.

ಕೊನೆಯದಾಗಿ ಸರಕಾರಕ್ಕೂ ಅಧಿಕಾರಿವರ್ಗಕ್ಕೂ ಒಂದು ಮಾತು. ಖರೇದಿ ಪತ್ರವನ್ನು ಬರೆಯುವ ಪತ್ರಬರಹಗಾರನಿಗೆ ಪರವಾನಿಗೆಯುಂಟು. ಅದರೊಳಗಿನ ಬೆಲೆಯನ್ನು ಕಟ್ಟಿದವನಿಗೆ ಇಲ್ಲ. ಪತ್ರದಲ್ಲಿ ಮಾರುವವನ ಹೆಸರುಂಟು, ಕೊಳ್ಳುವವನ ಹೆಸರುಂಟು, ಸಾಕ್ಷಿಗಳ ಹೆಸರುಂಟು. ನಡುವೆ ನಿಂತು ಎಲ್ಲವನ್ನೂ ನಡೆಯಿಸಿದವನ ಹೆಸರು ಮಾತ್ರ ಎಲ್ಲಿಯೂ ಇರಬೇಕೆಂದಿಲ್ಲ. ಪ್ರತಿಯೊಂದು ಖರೇದಿ ಪತ್ರದಲ್ಲಿಯೂ ದಲಾಲನ ಹೆಸರನ್ನೂ ಉಭಯ ಪಕ್ಷಗಳಿಂದ ಅವನು ಪಡೆದ ಕೂಲಿಯನ್ನೂ ನಮೂದಿಸತಕ್ಕದ್ದೆಂದು ರಾಜ್ಯ ಸರಕಾರವು ನಿಯಮ ಮಾಡಲಿ. ಹಳೆಯ ಮನೆಗಳ ದಲಾಲರಿಗೂ ತಾಲೂಕಿನ ಮಟ್ಟದಲ್ಲಿಯೇ, ಅಲ್ಪ ಶುಲ್ಕದಲ್ಲಿ, ನೋಂದಣಿಯಾಗಲಿ. ಇದರಿಂದ ಬೊಕ್ಕಸಕ್ಕೆ ವೆಚ್ಚವಿಲ್ಲ. ಸಾಲಿನೆರಡು ಹೆಚ್ಚಾದ ಮಾತ್ರಕ್ಕೆ ಖರೇದಿ ಪತ್ರವು ಭಾರವಾಗದು. ಆದರೆ ಆ ಎರಡು ಸಾಲುಗಳ ಬೆಳಕಿನಲ್ಲಿ ಮೇಲ್ದರದ ಕತ್ತಲೆಯು ನಿಲ್ಲಲಾರದು.

ಅಂಥ ನಿಯಮವು ಬರುವ ವರೆಗೆ ಕಾಯಬೇಕಾದ ಕಾರಣವಿಲ್ಲ. ಮನೆಯೆಂಬುದು ಒಬ್ಬನ ಆಯುಷ್ಯದ ದುಡಿಮೆ; ಕೆಲವೊಮ್ಮೆ ಮೂರು ತಲೆಮಾರುಗಳ ದುಡಿಮೆ. ಅದನ್ನು ಕೈಬಿಡುವ ದಿನ ಒಂದು ಹಾಳೆಯನ್ನು ಬರೆಯಲು ಬೇಸರಪಡುವವನಿಗೆ ಯಾವ ಕಾಯಿದೆಯೂ ನೆರವಾಗಲಾರದು. ದಲಾಲನಿಗೆ ಅವನ ಕೂಲಿ, ಒಡೆಯನಿಗೆ ಅವನ ಬೆಲೆ, ಕೊಳ್ಳುವವನಿಗೆ ನಿರ್ಬಾಧವಾದ ಮನೆ: ಈ ಮೂರೂ ಒಂದೇ ವ್ಯವಹಾರದಲ್ಲಿ ಕೂಡಿ ಬರುವುದು ಅಸಾಧ್ಯವೇನಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ದೊರೆತಷ್ಟು ಮರ್ಯಾದೆಯನ್ನು ನಮ್ಮ ಮನೆಗಳಿಗೂ ದೊರಕಿಸಲು ಗುತ್ತಲದ ಮಹಾಜನರು ಮೊದಲು ಹೆಜ್ಜೆಯಿಡಲೆಂದು ನಾವು ಹಾರೈಸುತ್ತೇವೆ.