ಅರವತ್ತು ಪರ್ಸೆಂಟಿನ ಬೇಲಿ



ನಮ್ಮ ಕೇರಿಯ ಹುಡುಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದ್ರೆ ನಮ್ಮವರೇ 'ಸ್ವಂತ ಶ್ರಮದಿಂದ ಮೇಲೆ ಬಂದವ' ಅಂತ ಫ್ಲೆಕ್ಸ್ ಹಾಕಿಸ್ತಾರ. ನನ್ನ ಹೆಸರಿಗೂ ಹಾಕಿಸ್ಯಾರ. ಪ್ರೀತಿಯಿಂದ ಹಾಕಿದ್ದು, ಗೊತ್ತೈತಿ. ಆದ್ರೆ ಆ ಮಾತು ಅರ್ಧ ಸತ್ಯ. ಶ್ರಮ ನಮ್ಮಪ್ಪನೂ ಪಟ್ಟಾನ. ಹಿಪ್ಪರಗಿ ಸುತ್ತಮುತ್ತಲಿನ ಹೊಲಗಳಲ್ಲಿ ವರ್ಷಗಟ್ಟಲೆ ಕಬ್ಬು ಕಡಿದಾನ. ಅವನೆಲ್ಲಿ ಮೇಲೆ ಬಂದ?

ಅಪ್ಪನಿಗೂ ನನಗೂ ಇರೋ ವ್ಯತ್ಯಾಸ ಬುದ್ಧಿಯದ್ದಲ್ಲ. ನನಗೆ ಸಾಲಿಯಲ್ಲಿ ಬಿಸಿಯೂಟ ಸಿಕ್ತು. ಪಿಯುಸಿಗೆ ಜಮಖಂಡಿಯ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಸಿಕ್ತು. ಸಿಇಟಿಯಲ್ಲಿ ಮೀಸಲಾತಿ ಸೀಟು, ಫೀಸಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಸಿಕ್ತು. ಅಪ್ಪನಿಗೆ ಇದ್ಯಾವುದೂ ಸಿಗಲಿಲ್ಲ. ಯಾರೋ ಕರುಣೆ ತೋರಿಸಿ ಕೊಟ್ಟದ್ದೂ ಅಲ್ಲ ಇದು. ಪರಿಶಿಷ್ಟ ಜಾತಿಗಳಿಗೆ ಈ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದಾಗ. ಅದಕ್ಕೂ ಮೊದಲು, 1902ರಲ್ಲೇ, ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ನೌಕರಿಯಲ್ಲಿ ಶೇ. 50 ಮೀಸಲಾತಿ ಆದೇಶ ಹೊರಡಿಸಿದ್ರು. ನಾನು ಬಂದದ್ದು ಆ ದಾರಿಯಿಂದ.

ಆ ದಾರಿ ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನ ಇವತ್ತು ಹೇಳಬೇಕಾಗೈತಿ.

ಕಬ್ಬಿನ ಹಂಗಾಮು ದೀಪಾವಳಿ ಹೊತ್ತಿಗೆ ಶುರುವಾದ್ರೆ ಮಾರ್ಚ್ ತನಕ ನಡೀತದ. ಎಸ್‌ಎಸ್‌ಎಲ್‌ಸಿ ಓದೋ ಹೊತ್ತೂ ಅದೇ. ಅವ್ವ-ಅಪ್ಪ ನಸುಕಿನ್ಯಾಗ ಹೊಲಕ್ಕೆ ಹೋದ್ರೆ ನೀರು ತರೋದು, ತಂಗಿನ್ನ ನೋಡ್ಕೊಳ್ಳೋದು ನಂದು. ಕೆಲವು ದಿನ ನಾನೂ ರವದಿ ತೆಗಿಯಾಕ ಹೋಗ್ತಿದ್ದೆ. ಬಂದದ್ದು 57 ಪರ್ಸೆಂಟ್. ಮುಂದೆ ಎಂಜಿನಿಯರಿಂಗ್‌ನಲ್ಲಿ 74 ಬಂತು. ಕ್ಯಾಂಪಸ್ಸಿಗೆ ಬಂದ ಒಂದು ದೊಡ್ಡ ಕಂಪನಿಯ ಫಾರ್ಮಿನಲ್ಲಿ ಶರತ್ತು ಇತ್ತು: ಹತ್ತನೇತ್ತೆ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಇರಬೇಕು. 57 ಅಂತ ತುಂಬಿದ ಕೂಡಲೇ ನನ್ನ ಹೆಸರು ಹೋಯ್ತು. ಪರೀಕ್ಷೆಗೆ ಕೂರೋಕೂ ಬಿಡಲಿಲ್ಲ. ಕೊನೆಗೆ ಕೆಲಸ ಸಿಕ್ಕದ್ದು ಒಂದು ಸಣ್ಣ ಕಂಪನಿಯಲ್ಲಿ. ಅವರು ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ, ಕಂಪ್ಯೂಟರ್ ಮುಂದೆ ಕೂರಿಸಿ ಪ್ರೋಗ್ರಾಂ ಬರೆಸಿದ್ರು.

ಈ ಶರತ್ತು ಒಂದೇ ಕಂಪನಿಯದ್ದಲ್ಲ, ಕ್ಯಾಂಪಸ್ ನೇಮಕಾತಿಯಲ್ಲಿ ರೂಢಿಯಾಗಿ ಹೋಗೇತಿ. ಹದಿನೈದು ವರ್ಷದ ಹುಡುಗನ ಅಂಕ ಏನು ಹೇಳುತ್ತೆ? ಟ್ಯೂಷನ್ ಇತ್ತೋ ಇಲ್ಲೋ, ಮನೇಲಿ ಓದಿದವರು ಇದ್ರೋ ಇಲ್ಲೋ ಅನ್ನೋದನ್ನ ಹೇಳುತ್ತೆ. ಈಗ ನಾನೇ ಇಂಟರ್ವ್ಯೂ ತಗೋತೀನಿ. ಯಾರು ಒಳ್ಳೆ ಕೋಡ್ ಬರೀತಾರ ಅಂತ ಹತ್ತನೇತ್ತೆ ಅಂಕ ನೋಡಿ ಹೇಳೋಕೆ ಆಗೋದಿಲ್ಲ. ಜಾತಿ ಹೆಸರು ಕೇಳದೇ ಜಾತಿ ಸೋಸೋ ಕೆಲಸ ಇದು. 'ಸಾವಿರಾರು ಅರ್ಜಿ ಬರ್ತಾವ, ಹೆಂಗರ ಸೋಸಬೇಕಲ್ಲ' ಅಂತಾರ. ಸೋಸ್ರಿ, ಆದ್ರೆ ಕೆಲಸಕ್ಕೆ ಬೇಕಾದದ್ದರಿಂದ ಸೋಸ್ರಿ. ಆನ್‌ಲೈನ್ ಕೋಡಿಂಗ್ ಟೆಸ್ಟ್ ಎಲ್ಲರಿಗೂ ಕೊಡ್ರಿ, ತಿದ್ದೋದು ಹೆಂಗೂ ಮಷೀನು.

2024ರಲ್ಲಿ ಉತ್ತರ ಪ್ರದೇಶದ ಕೂಲಿಕಾರರ ಮಗ ಅತುಲ್ ಕುಮಾರ್ ಗಡುವಿನೊಳಗೆ 17,500 ರೂಪಾಯಿ ಕಟ್ಟಲಾಗದೆ ಧನಬಾದ್ ಐಐಟಿ ಸೀಟು ಕಳ್ಕೊಂಡಿದ್ದ. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ 142ನೇ ವಿಧಿ ಬಳಸಿ ಆ ಸೀಟು ಕೊಡಿಸ್ತು. ಸೀಟಿಗಾದ್ರೆ ಕೋರ್ಟ್ ಬಾಗಿಲು ಇತ್ತು. ಕ್ಯಾಂಪಸ್ ಫಾರ್ಮಿನಿಂದ ಹೊರಬಿದ್ದ ಹುಡುಗಿ ಯಾವ ಬಾಗಿಲು ತಟ್ಟಬೇಕು? ಸಂವಿಧಾನದ 16(4)ನೇ ವಿಧಿಯ ಮೀಸಲಾತಿ ಸರ್ಕಾರಿ ನೌಕರಿಗೆ ಮಾತ್ರ. ಖಾಸಗಿ ಕಂಪನಿಯ ಗೇಟಿಗೆ ಅದು ಮುಟ್ಟೋದಿಲ್ಲ. ಸರ್ಕಾರಿ ನೌಕರಿ ಕಡಿಮೆಯಾಗ್ತಿರೋ ಕಾಲದಲ್ಲಿ ಖಾಸಗಿ ಮೀಸಲಾತಿ ಕೇಳೋದು ಅತಿಯಾಸೆ ಅಲ್ಲ, ಬದುಕಿನ ಪ್ರಶ್ನೆ.

ಅದು ದೊಡ್ಡ ಹೋರಾಟ, ಬಿಡೋದು ಬ್ಯಾಡ. ಅಲ್ಲಿ ತನಕ ಎರಡು ಬೇಡಿಕೆ ಇಡೋಣ. ಒಂದು, ರಾಜ್ಯ ಸರ್ಕಾರದಿಂದ ಜಾಗ, ತೆರಿಗೆ ರಿಯಾಯಿತಿ ತಗೊಂಡ ಕಂಪನಿ ಹತ್ತನೇತ್ತೆ ಅಂಕದ ಶರತ್ತು ತೆಗಿಬೇಕು. ಎರಡು, ಇಲಾಖೆಯ ಪ್ರತಿ ಕಾಲೇಜು ಹಾಸ್ಟೆಲ್‌ನಲ್ಲಿ ನಡೆಯೋ ಕಂಪ್ಯೂಟರ್, ಇಂಟರ್ನೆಟ್ ಇರಬೇಕು. ಕೋಣೆಗೆ ಬೀಗ ಹಾಕಿಟ್ಟದ್ದು ಲೆಕ್ಕಕ್ಕಿಲ್ಲ.

ಮೂರನೇದು ನಾವೇ ಮಾಡಬೇಕಾದ್ದು. ಐಟಿಯಲ್ಲಿರೋ ಅಣ್ಣ-ತಮ್ಮ-ಅಕ್ಕ-ತಂಗಿಯರು ಜಯಂತಿಗೆ ಚಂದಾ ಕೊಟ್ಟು ಸುಮ್ಮನಾಗಬ್ಯಾಡ್ರಿ. ಊರಿಗೆ ಹೋದಾಗ ಒಂದು ದಿನ ಹಾಸ್ಟೆಲ್‌ಗೆ ಹೋಗ್ರಿ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಿಸದೇ ಎಷ್ಟೋ ಮಕ್ಕಳ ಸ್ಕಾಲರ್‌ಶಿಪ್ ನಿಂತಿರುತ್ತೆ, ಅದನ್ನ ನೋಡ್ರಿ. ರೆಸ್ಯೂಮೆ ತಿದ್ದಿ ಕೊಡ್ರಿ, ಇಂಟರ್ವ್ಯೂ ಅಭ್ಯಾಸ ಮಾಡಿಸ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ಯಾರು ಯಾವ ಹಾಸ್ಟೆಲ್ ನೋಡ್ಕೋತೀರಿ ಅಂತ ಕಮೆಂಟಿನಲ್ಲಿ ಬರೀರಿ. ಜಮಖಂಡಿಯದ್ದು ನಂದು.

ಜೈ ಭೀಮ್.