ಮೂರು ವರ್ಷವೋ, ಐದು ವರ್ಷವೋ?

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತೆಂದರೆ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳ ಗದ್ದಲವೇ ನಾಡನ್ನೆಲ್ಲ ತುಂಬಿಕೊಳ್ಳುತ್ತದೆ. ಆ ಗದ್ದಲದಲ್ಲಿ ಕೇಳಿಸದೆ ಹೋಗುವ ಇನ್ನೊಂದು ಪ್ರಶ್ನೆಯುಂಟು. ವಿಜ್ಞಾನವನ್ನಾಗಲಿ, ಅರ್ಥಶಾಸ್ತ್ರ ಸಾಹಿತ್ಯಾದಿ ವಿಷಯಗಳನ್ನಾಗಲಿ ಓದಬಯಸುವ ಹದಿನೆಂಟು ವರ್ಷದ ವಿದ್ಯಾರ್ಥಿಯು ಊರಿನ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್‌ಸಿ. ತರಗತಿಗೆ ಸೇರಬೇಕೋ, ಇಲ್ಲವೆ 'ಇಂಟಿಗ್ರೇಟೆಡ್' ಎಂದು ಹೆಸರಾಗಿರುವ, ಸ್ನಾತಕೋತ್ತರ ಪದವಿಯವರೆಗೆ ಒಂದೇ ಹಿಡಿತದಲ್ಲಿ ಕೊಂಡೊಯ್ಯುವ ಐದು ವರ್ಷದ ವ್ಯಾಸಂಗಕ್ಕೆ ಸೇರಬೇಕೋ ಎಂಬುದೇ ಆ ಪ್ರಶ್ನೆ. ತಂದೆತಾಯಿಗಳು ಬಲ್ಲವರನ್ನು ವಿಚಾರಿಸುತ್ತಾರೆ. ಬಲ್ಲವರಾದರೋ ತಮ್ಮ ಮಕ್ಕಳು ಹಿಡಿದ ದಾರಿಯನ್ನೇ ಶ್ರೇಷ್ಠವೆಂದು ಹೇಳಿ ಕಳುಹಿಸುತ್ತಾರೆ.

ಮೊದಲು ಲೆಕ್ಕವನ್ನು ನೋಡೋಣ. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ.ಎ.; ನಾಲ್ಕು ವರ್ಷದ ಆನರ್ಸ್ ಪದವಿಯಾದರೆ ಅದರ ಮೇಲೆ ಒಂದು ವರ್ಷ; ಇಂಟಿಗ್ರೇಟೆಡ್ ಆದರೆ ಒಟ್ಟಿಗೆ ಐದು. ಯಾವ ದಾರಿಯಲ್ಲಿ ನಡೆದರೂ ಸ್ನಾತಕೋತ್ತರ ಪದವಿಗೆ ಐದು ವರ್ಷಗಳು ಬೇಕೇ ಬೇಕು. ಐದು ವರ್ಷದ ವ್ಯಾಸಂಗದಿಂದ ಕಾಲವು ಉಳಿಯುವುದೆಂದು ನಂಬಿರುವವರು ಈ ಕೂಡುವ ಲೆಕ್ಕವನ್ನು ಮಾಡಿ ನೋಡಿಲ್ಲವೆಂದೇ ಹೇಳಬೇಕು. ದೂರವು ಒಂದೇ, ದಾರಿಯಲ್ಲಿ ಬಾಗಿಲುಗಳು ಎಲ್ಲೆಲ್ಲಿವೆ ಎಂಬುದರಲ್ಲಿ ಮಾತ್ರ ಭೇದ.

ಐದು ವರ್ಷದ ವ್ಯಾಸಂಗಕ್ಕೆ ಗುಣಗಳಿಲ್ಲವೆಂದು ನಾವು ಹೇಳುವುದಿಲ್ಲ. ಪ್ರಯೋಗಶಾಲೆಯ ವಿದ್ಯೆಗೆ ಅವಿಚ್ಛಿನ್ನವಾದ ಕಾಲವು ಅವಶ್ಯ. 2006ರಲ್ಲಿ ಪುಣೆ ಮತ್ತು ಕೋಲ್ಕತ್ತಗಳಲ್ಲಿ ಆರಂಭವಾಗಿ ಇಂದು ಏಳು ಕಡೆಗಳಲ್ಲಿರುವ ಐಸರ್ ಸಂಸ್ಥೆಗಳು ಈ ತತ್ತ್ವದ ಮೇಲೆಯೇ ಐದು ವರ್ಷದ ಬಿ.ಎಸ್.-ಎಂ.ಎಸ್. ವ್ಯಾಸಂಗವನ್ನು ಏರ್ಪಡಿಸಿ, ಕಡೆಯ ವರ್ಷವನ್ನು ಸಂಶೋಧನೆಗೆ ಮೀಸಲಾಗಿಟ್ಟಿವೆ. (ಆ ಏಳರಲ್ಲಿ ಒಂದಾದರೂ ಕರ್ನಾಟಕದ ಪಾಲಿಗೆ ಬಂದಿಲ್ಲವೆಂಬುದನ್ನು ನಮ್ಮ ಲೋಕಸಭಾ ಸದಸ್ಯರು ಗಮನಿಸಿದ್ದಾರೆಯೋ ಇಲ್ಲವೋ ನಾವರಿಯೆವು.) ಇದಲ್ಲದೆ ಇನ್ನೊಂದು ಗುಣವುಂಟು, ಪಟ್ಟಣದ ವಿದ್ವಾಂಸರು ಅದನ್ನು ಅಷ್ಟಾಗಿ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ವಿದ್ಯಾಭ್ಯಾಸವು ಪದವಿಯು ಕೈಸೇರಿದ ದಿನವೇ ಮುಗಿಯುತ್ತದೆ. 'ಡಿಗ್ರಿ ಆಯಿತಲ್ಲ' ಎಂಬ ಒಂದು ಮಾತಿನಿಂದ ಎಂ.ಎಸ್‌ಸಿ.ಯ ಅರ್ಜಿಯು ಅಲಮಾರಿಯನ್ನು ಸೇರಿ, ಜಾತಕವು ಹೊರಕ್ಕೆ ಬರುತ್ತದೆ. ಒಮ್ಮೆಗೇ ಐದು ವರ್ಷಕ್ಕೆ ಪ್ರವೇಶವನ್ನು ಪಡೆದ ಹುಡುಗಿಗೆ ಆ ಮಾತನ್ನು ಎದುರಿಸಲು ಒಂದು ಆಸರೆಯಾದರೂ ಇರುತ್ತದೆ. ಎರಡನೆಯ ಪ್ರವೇಶ ಪರೀಕ್ಷೆಯಿಲ್ಲ, ಮನೆಯವರ ಮುಂದೆ ಎರಡನೆಯ ವಾದವೂ ಇಲ್ಲ. ಈ ಒಂದು ಕಾರಣಕ್ಕಾಗಿಯೇ ಕೆಲವು ವಿದ್ಯಾರ್ಥಿನಿಯರು ಈ ದಾರಿಯನ್ನು ಆರಿಸಿದರೆ ಅವರ ವಿವೇಕವನ್ನು ನಾವು ಮೆಚ್ಚಬೇಕು.

ಆದರೆ ಇದೇ ಗುಣವು ಇನ್ನೊಂದು ಮನೆಯಲ್ಲಿ ದೋಷವಾಗಿ ಪರಿಣಮಿಸುತ್ತದೆ. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಗೆ, ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ, ಕೇಂದ್ರದ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೇಳುವುದು ಪದವಿಯನ್ನೇ ಹೊರತು ಎಂ.ಎ.ಯನ್ನಲ್ಲ. ಪ್ರೌಢಶಾಲೆಯ ಅಧ್ಯಾಪಕನಾಗಲು ಪದವಿಯೂ ಬಿ.ಎಡ್. ಪದವಿಯೂ ಸಾಕು. ಎಂ.ಎ., ಎಂ.ಎಸ್‌ಸಿ.ಗಳು ಅನಿವಾರ್ಯವಾಗುವುದು ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಬಯಸುವವನಿಗೆ, ಪದವಿ ಕಾಲೇಜಿನಲ್ಲಿ ಪಾಠ ಹೇಳಲು ನೆಟ್ ಅಥವಾ ಕೆ-ಸೆಟ್ ಪರೀಕ್ಷೆಗೆ ಕುಳಿತುಕೊಳ್ಳುವವನಿಗೆ, ಮತ್ತು ಸಂಶೋಧನೆಯ ಹಂಬಲವುಳ್ಳವನಿಗೆ. ತಂದೆಯ ನಿವೃತ್ತಿಯು ಸಮೀಪಿಸಿರುವ, ತಮ್ಮತಂಗಿಯರು ಇನ್ನೂ ಓದುತ್ತಿರುವ ಮನೆಯ ಹಿರಿಯ ಮಗನಿಗೆ ಮೂರನೆಯ ವರ್ಷದ ಕೊನೆಗೆ ಕೈಗೆ ಬರುವ ಪದವಿಪತ್ರವು ಅನ್ನದ ಪ್ರಶ್ನೆ. ನಡುವೆ ಬಾಗಿಲಿಲ್ಲದ ವ್ಯಾಸಂಗದಲ್ಲಿ ಸಿಕ್ಕಿದ ಅಂಥವನು ಮೂರೂವರೆ ವರ್ಷ ಓದಿ ಮನೆಗೆ ಹಿಂದಿರುಗಬೇಕಾಗಿ ಬಂದರೆ ಅವನ ಕೈಯಲ್ಲಿ ಉಳಿಯುವುದು ಅಂಕಪಟ್ಟಿಗಳ ಕಟ್ಟು ಮಾತ್ರ. ಕಾಯಿದೆಯ ಕಣ್ಣಿಗೆ ಅವನು ಇನ್ನೂ ಪಿ.ಯು.ಸಿ. ಓದಿದವನೇ. ಹದಿನೆಂಟರ ವಯಸ್ಸಿನಲ್ಲಿ ರಸಾಯನಶಾಸ್ತ್ರವು ಪ್ರಿಯವೆಂದು ಬರೆದುಕೊಟ್ಟವನಿಗೆ ಇಪ್ಪತ್ತರಲ್ಲಿ ಇತಿಹಾಸದ ಮೇಲೆ ಮನಸ್ಸು ಹರಿದರೆ ಅದೇನೂ ಅಪರಾಧವಲ್ಲವಷ್ಟೆ.

ಆದ್ದರಿಂದ ವಿದ್ಯಾರ್ಥಿಯು ಕೇಳಬೇಕಾದ ಮೊದಲನೆಯ ಪ್ರಶ್ನೆಯು ಐದು ವರ್ಷದ ಕೊನೆಗೆ ಏನು ದೊರೆಯುವುದೆಂಬುದಲ್ಲ, ಮೂರು ಅಥವಾ ನಾಲ್ಕು ವರ್ಷಕ್ಕೆ ಬಿಟ್ಟರೆ ಏನು ದೊರೆಯುವುದೆಂಬುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು 2011ರಲ್ಲಿ ಪದವಿ ತರಗತಿಗಳನ್ನು ತೆರೆದಾಗ ಈ ವಿಷಯದಲ್ಲಿ ಸರಿಯಾದ ಮಾರ್ಗವನ್ನೇ ಹಿಡಿಯಿತು: ನಾಲ್ಕು ವರ್ಷಕ್ಕೆ ಪದವಿ, ಇಷ್ಟವಿದ್ದವನು ಐದನೆಯ ವರ್ಷ ನಿಂತು ಸ್ನಾತಕೋತ್ತರ ಪದವಿಯನ್ನು ಪಡೆಯಬಹುದು. ಇಂಗ್ಲೆಂಡಿನಲ್ಲಿಯೂ ನಾಲ್ಕು ವರ್ಷದ ಇಂಟಿಗ್ರೇಟೆಡ್ ಪದವಿಗೆ ಸೇರಿದವರು ಸಾಮಾನ್ಯವಾಗಿ ಎರಡನೆಯ ವರ್ಷದವರೆಗೆ ಮನಸ್ಸು ಬದಲಿಸಿ ಮೂರು ವರ್ಷದ ಪದವಿಗೆ ತಿರುಗಿಕೊಳ್ಳಲು ಅನೇಕ ವಿಶ್ವವಿದ್ಯಾನಿಲಯಗಳು ಅವಕಾಶ ಕೊಡುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ನಿದರ್ಶನವೂ ಇಲ್ಲಿ ಸ್ಮರಣೀಯ. ಐದು ವರ್ಷದ ಕಾನೂನು ವ್ಯಾಸಂಗಕ್ಕೆ ದೇಶದಲ್ಲೆಲ್ಲ ಪ್ರತಿಷ್ಠೆಯನ್ನು ತಂದುಕೊಟ್ಟ ಆ ಸಂಸ್ಥೆಯೇ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್.ಬಿ.ಯನ್ನು ಆರಂಭಿಸಿತು.

ಸರ್ಕಾರದವರ ನಡತೆಯು ಈ ವಿಷಯದಲ್ಲಿ ತಂದೆತಾಯಿಗಳಿಗೆ ಸಹಾಯಕವಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ನಾವೇ ನಾಲ್ಕು ವರ್ಷದ ಪದವಿಯನ್ನು ತಂದೆವು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಆಯೋಗದ ಮಧ್ಯಂತರ ವರದಿಯ ಮೇಲೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿದೆವು. ಬಡ ಮನೆಗಳ ದೃಷ್ಟಿಯಿಂದ ಮೂರು ವರ್ಷಕ್ಕೆ ಮರಳಿದುದು ಉಚಿತವೆಂದೇ ನಮ್ಮ ಅಭಿಪ್ರಾಯ. ಆದರೆ ಮೂರು ವರ್ಷಗಳೊಳಗೆ ಎರಡು ಬಾರಿ ವ್ಯವಸ್ಥೆಯನ್ನು ಕದಲಿಸಿದವರು, ಒಂದೇ ಮನೆಯ ಅಣ್ಣನಿಗೊಂದು ಪದವಿ, ತಮ್ಮನಿಗೊಂದು ಪದವಿ ಆದದ್ದನ್ನು ಮರೆಯಬಾರದು. ಮೇಲಾಗಿ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಗಳಂತೆ ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವನು ನೇರವಾಗಿ ಪಿಎಚ್.ಡಿ.ಗೆ ಅರ್ಹನಾಗುತ್ತಾನೆ. ನಮ್ಮ ಮೂರು ವರ್ಷದ ಪದವೀಧರನು ಎಂ.ಎ. ಮುಗಿಸಿಯೇ ಆ ಹೊಸ್ತಿಲನ್ನು ಮುಟ್ಟಬೇಕು.

ಇದಕ್ಕೆ ಪರಿಹಾರವು ದುಸ್ಸಾಧ್ಯವಲ್ಲ. ರಾಜ್ಯದ ಯಾವ ವಿಶ್ವವಿದ್ಯಾನಿಲಯವು ಐದು ವರ್ಷದ ವ್ಯಾಸಂಗವನ್ನು ನಡೆಸಿದರೂ, ಮೂರನೆಯ ವರ್ಷದ ಕೊನೆಗೆ ಇತರ ಪದವಿಗಳಿಗೆ ಸಮಾನವಾದ, ಲೋಕಸೇವಾ ಆಯೋಗವು ಒಪ್ಪುವ ಪದವಿಯನ್ನು ಕೊಟ್ಟೇ ತೀರಬೇಕೆಂದು ವಿಧಿಸಬೇಕು. ಹೊರಕ್ಕೆ ಬಾಗಿಲನ್ನಿಟ್ಟಂತೆ ಒಳಕ್ಕೂ ಒಂದು ಬಾಗಿಲನ್ನಿಡಬೇಕು. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದ ಪ್ರತಿಭಾವಂತನು ಅರ್ಹತಾ ಪರೀಕ್ಷೆಯ ಮೇಲೆ ಆ ವ್ಯಾಸಂಗದ ನಾಲ್ಕನೆಯ ವರ್ಷಕ್ಕೆ ಸೇರಲು ಕೆಲವು ಸ್ಥಾನಗಳು ಮೀಸಲಾಗಿರಬೇಕು. ಇಲ್ಲವಾದರೆ ಹದಿನೆಂಟರಲ್ಲಿ ಸಮಾಚಾರ ತಿಳಿಯದೆ ಹೋದ ಹಳ್ಳಿಯ ಹುಡುಗನಿಗೆ ಆ ಪ್ರಯೋಗಶಾಲೆಯು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಐದು ವರ್ಷಗಳ ಶುಲ್ಕವೆಷ್ಟು, ವಿದ್ಯಾರ್ಥಿನಿಲಯದ ವೆಚ್ಚವೆಷ್ಟು, ನಡುವೆ ಬಿಟ್ಟರೆ ಯಾವ ಪದವಿ ಎಂಬ ಮೂರು ಸಂಗತಿಗಳನ್ನು ಪ್ರವೇಶದ ಪ್ರಕಟಣೆಯಲ್ಲಿ ಕನ್ನಡದಲ್ಲಿ, ಅರ್ಜಿಯ ನಮೂನೆಗಿಂತ ಮೊದಲು ಮುದ್ರಿಸಬೇಕು. ಇವುಗಳಿಗೆ ಹೊಸ ಆಯೋಗವೂ ಬೇಕಿಲ್ಲ, ಹೊಸ ನೀತಿಯೂ ಬೇಕಿಲ್ಲ. ಉನ್ನತ ಶಿಕ್ಷಣ ಇಲಾಖೆಯ ಒಂದು ಆಜ್ಞೆ ಸಾಕು. ಅದು ಮುಂದಿನ ಪಿ.ಯು.ಸಿ. ಫಲಿತಾಂಶಕ್ಕೆ ಮೊದಲೇ ಹೊರಡಬೇಕು.