ಎಲ್ಲಾ ಬದಲಾದ್ರೂ ಅದೇ ಕಾರು!

ರೇಸ್ ಗೆದ್ದ ಹಳೇ ಕಾರುಗಳಿಗೆ ಕೋಟಿಗಟ್ಟಲೆ ಬೆಲೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ಅಷ್ಟು ದುಡ್ಡು ಕೊಟ್ಟು ಕೊಳ್ಳೋದು ಏನನ್ನ? ಕಬ್ಬಿಣವನ್ನೋ, ಕಥೆಯನ್ನೋ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು.

ಕಾರಿನ ಹೆಸರು 'ಓಲ್ಡ್ ನಂಬರ್ ಒನ್'. ಬೆಂಟ್ಲಿ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯೋ 24 ಗಂಟೆಗಳ ರೇಸನ್ನು 1929 ಮತ್ತು 1930, ಎರಡೂ ವರ್ಷ ಗೆದ್ದ ಕಾರು ಇದು. ಎರಡೂ ಸಲ ಓಡಿಸಿದವನು ವುಲ್ಫ್ ಬರ್ನಾಟೊ. ಜೊತೆಗೆ ಮೊದಲ ಸಲ ಟಿಮ್ ಬರ್ಕಿನ್, ಎರಡನೇ ಸಲ ಗ್ಲೆನ್ ಕಿಡ್‌ಸ್ಟನ್. ಆಮೇಲೆ ಇದಕ್ಕೆ 8 ಲೀಟರ್ ಎಂಜಿನ್ ಕೂರಿಸಿದರು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ, ವಾಲಿಸಿ ಕಟ್ಟಿದ ತಿರುವಿನ ಮೇಲಂಚು ದಾಟಿ ಕಾರು ಆಚೆ ಹಾರಿತು. ಓಡಿಸ್ತಿದ್ದ ಕ್ಲೈವ್ ಡನ್ಫಿ ಸತ್ತುಹೋದ. ಕಾರನ್ನು ಮತ್ತೆ ಕಟ್ಟಿದರು.

ಎಷ್ಟೋ ದಶಕಗಳ ನಂತರ ಸುಮಾರು 1 ಕೋಟಿ ಪೌಂಡಿಗೆ ಮಾತುಕತೆಯಾಯ್ತು. ಕೊಳ್ಳೋರು ಕೊನೇ ಗಳಿಗೆಯಲ್ಲಿ, "ಇದು ಆ ಕಾರೇ ಅಲ್ಲ" ಅಂತ ಹಿಂದೆ ಸರಿದರು. ನ್ಯಾಯಾಧೀಶ ಆಟನ್ ಲೆಕ್ಕ ಹಾಕಿಸಿದರು. 1929ರ ಕಾರಿನದು ಏನೂ ಉಳಿದಿಲ್ಲ ಅಂದ್ರೂ ತಪ್ಪಿಲ್ಲ. 1930ರದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸ್ ಕವಚ, ಸ್ಟಿಯರಿಂಗ್ ಕಾಲಂ, ಅಷ್ಟೇ! ಆದ್ರೂ ತೀರ್ಪು ಮಾರೋನ ಪರ. ಬದಲಾವಣೆ ಹಂತಹಂತವಾಗಿ ಆಗಿದೆ, ನಡುವೆ ಎಲ್ಲೂ ಕೊಂಡಿ ಕಳಚಿಲ್ಲ, ಹಾಗಾಗಿ ಇದೇ ಓಲ್ಡ್ ನಂಬರ್ ಒನ್ ಅಂದರು.

ನನ್ನ ಪ್ರಕಾರ ತೀರ್ಪು ನೂರಕ್ಕೆ ನೂರು ಸರಿ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದೇನು ಹೊಸದಲ್ಲ ಬಿಡಿ. ಹತ್ತು ವರ್ಷ ಹಳೇ ಪ್ರಾಜೆಕ್ಟ್ ತೆಗೆದು ನೋಡಿ, ಮೊದಲ ದಿನ ಬರೆದ ಕೋಡ್ ಒಂದು ಸಾಲೂ ಸಿಗದೇ ಇರಬಹುದು. ಆದ್ರೂ ಪ್ರಾಜೆಕ್ಟ್ ಅದೇ. ಯಾಕಂದ್ರೆ ಯಾವ ಸಾಲು ಯಾವಾಗ ಬದಲಾಯ್ತು ಅನ್ನೋ ಲಾಗ್ ಇದೆ :-)

ರೇಸ್ ಕಾರು ಅಂದ್ಮೇಲೆ ಎಂಜಿನ್ ಸುಡುತ್ತೆ, ಗೇರ್ ಹಲ್ಲು ಮುರಿಯುತ್ತೆ, ಬಾಡಿ ನುಜ್ಜುಗುಜ್ಜಾಗುತ್ತೆ. ಪ್ರತಿ ಬೋಲ್ಟೂ ಒರಿಜಿನಲ್ಲೇ ಬೇಕು ಅನ್ನೋರಿಗೆ ರೇಸೇ ಓಡದ ಕಾರು ಸಿಗಬೇಕಷ್ಟೆ. ಇನ್ನೊಂದು ಕಡೆ, ಮಾಮೂಲಿ ಹಳೇ ಬೆಂಟ್ಲಿ ಸಲೂನುಗಳ ಬಾಡಿ ಕಿತ್ತು, ಲ ಮಾನ್ ಕಾರಿನ ವೇಷ ಹಾಕೋರೂ ಇದ್ದಾರೆ. ಹಳೇ ಕಬ್ಬಿಣ ಅಲ್ಲೂ ಇದೆ, ರೇಸಿನ ಕಥೆ ಮಾತ್ರ ಇಲ್ಲ.

ಆದ್ರೆ ಒಂದು ಷರತ್ತು. ಕಥೆಗೆ ಬೆಲೆ ಕಟ್ಟೋದಾದ್ರೆ ಪೂರ್ತಿ ಕಥೆಗೆ ಕಟ್ಟಬೇಕು. 1929, 1930ರ ಗೆಲುವನ್ನು ದಪ್ಪಕ್ಷರದಲ್ಲಿ ಹಾಕಿ, 1932ರ ಸಾವನ್ನು ಮೂಲೆಗೆ ತಳ್ಳೋ ಹಾಗಿಲ್ಲ. ಕೊಂಡಿ ಕಳಚಿಲ್ಲ ಅನ್ನೋದೇ ಈ ಕಾರಿಗಿರೋ ಆಧಾರ. ಆ ಕೊಂಡಿಗಳಲ್ಲಿ ಡನ್ಫಿಯ ಸಾವೂ ಒಂದು. ಅದನ್ನ ಕಿತ್ತು ಹಾಕಿದ್ರೆ ಗೆಲುವಿನ ಜೊತೆಗಿರೋ ನಂಟೂ ಕಳಚಿಹೋಗುತ್ತೆ.

ನೀವು ಜಡ್ಜ್ ಆಗಿದ್ರೆ ಏನಂತಿದ್ರಿ?